ಚಿಟ್ಟೆ ಪತಂಗಗಳಲ್ಲಿ ಗಂಡು ಹೆಣ್ಣಿನ ನಿರ್ಣಯ: ಲಿಂಗ ವರ್ಣತಂತುಗಳ ವಿಕಾಸ

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸಿಕೊಳ್ಳುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಪ್ರೀತಿಯಿಂದ ಆಜ್ಞಾಪಿಸಿದ್ದಾರೆ. ಶಾಲೆಯ ಇತಿಹಾಸವನ್ನೂ ದಾನಿಗಳ ಔದಾರ್ಯವನ್ನೂ ಬರೆಯಲು ನನಗಿಂತ ಸಮರ್ಥರು ಅನೇಕರಿದ್ದಾರೆ. ಪಾಠ ಹೇಳುವುದನ್ನು ಬಿಟ್ಟು ಬೇರೆ ವಿದ್ಯೆಯನ್ನು ಅರಿಯದ ನಾನು ಒಂದು ಪಾಠವನ್ನೇ ಕಾಣಿಕೆಯಾಗಿ ಒಪ್ಪಿಸುತ್ತಿದ್ದೇನೆ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದವನು ನಾನು. ಎಷ್ಟೇ ಹೊಸ ವಿಜ್ಞಾನವಾದರೂ ನಮ್ಮ ನುಡಿಯಲ್ಲಿ ಹೇಳಲು ಬರುತ್ತದೆ ಎಂಬ ನಂಬಿಕೆಯಿಂದಲೇ ಸೇವಾವಧಿಯನ್ನು ಕಳೆದವನು. ಆ ನಂಬಿಕೆ ಈ ಎಪ್ಪತ್ತರ ವಯಸ್ಸಿನಲ್ಲಿಯೂ ಸಡಿಲವಾಗಿಲ್ಲ.

ಈ ವಿಷಯವನ್ನು ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ. ತೇನಿ, ಕಂಬಂ ಕಣಿವೆ ಮತ್ತು ದಿಂಡಿಗಲ್ ಸೀಮೆಯ ಕನ್ನಡ ಮನೆತನಗಳಲ್ಲಿ ಹೆಚ್ಚಿನವರು ಒಂದೋ ಬೇಸಾಯಗಾರರು, ಇಲ್ಲವೇ ನೇಕಾರರು. ಕಾಪಿಲಿಯರು, ಅನುಪ್ಪರು ಹೊಲ ತೋಟಗಳನ್ನು ನೆಚ್ಚಿದವರು. ಚಿನ್ನಾಳಪಟ್ಟಿಯ ದೇವಾಂಗರು ಮಗ್ಗವನ್ನು ನೆಚ್ಚಿದವರು. ಹಿಪ್ಪುನೇರಳೆ ಸೊಪ್ಪು ಹೊಲದಲ್ಲಿ, ರೇಷ್ಮೆ ಎಳೆ ಮಗ್ಗದಲ್ಲಿ. ಇವೆರಡರ ನಡುವೆ ನಿಂತಿರುವುದು ಒಂದು ಪತಂಗ. ಅದರ ಜೀವನ ರಹಸ್ಯವನ್ನು ನಾವು ಅರಿಯದಿದ್ದರೆ ಮತ್ತಾರು ಅರಿಯಬೇಕು? ಇದು ಮೊದಲನೆಯ ಕಾರಣ. ಎರಡನೆಯದು ನಮ್ಮ ಮನೆಗಳೊಳಗಿನ ನೋವಿಗೆ ಸಂಬಂಧಿಸಿದುದು. ಅದನ್ನು ಪಾಠದ ಕೊನೆಯ ಭಾಗದಲ್ಲಿ ನಿವೇದಿಸುತ್ತೇನೆ.

ವರ್ಣತಂತು ಎಂದರೇನು?

ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿ ಸೂಕ್ಷ್ಮವಾದ ಎಳೆಗಳಿವೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎದ್ದು ಕಾಣುವುದರಿಂದ ಇವುಗಳಿಗೆ ವರ್ಣತಂತುಗಳೆಂದು ಹೆಸರು. ಆಯಾ ಜೀವಿಯ ಗುಣಗಳನ್ನು ಬರೆದಿಟ್ಟ ವಂಶವಾಹಿಗಳು ಈ ಎಳೆಗಳ ಉದ್ದಕ್ಕೂ ಮಣಿಗಳಂತೆ ಪೋಣಿಸಿಕೊಂಡಿವೆ. ವರ್ಣತಂತುಗಳು ಜೋಡಿ ಜೋಡಿಯಾಗಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ ಬಂದುದು. ಮನುಷ್ಯನಲ್ಲಿ 23 ಜೋಡಿ, ರೇಷ್ಮೆ ಹುಳುವಿನಲ್ಲಿ 28 ಜೋಡಿ. ಎಣಿಕೆ ಹೆಚ್ಚಿದ ಮಾತ್ರಕ್ಕೆ ಜೀವಿಯ ಹೆಚ್ಚುಗಾರಿಕೆ ಹೆಚ್ಚಲಾರದು ಎಂಬುದಕ್ಕೆ ಇದೇ ಸಾಕ್ಷಿ.

ಈ ಜೋಡಿಗಳಲ್ಲಿ ಒಂದು ಜೋಡಿ ಮಾತ್ರ ಗಂಡು ಹೆಣ್ಣಿನ ನಿರ್ಣಯಕ್ಕೆ ಮೀಸಲು. ಮನುಷ್ಯರಲ್ಲಿ ಹೆಣ್ಣಿಗೆ ಎರಡು ಎಕ್ಸ್ ತಂತುಗಳು; ಗಂಡಿಗೆ ಒಂದು ಎಕ್ಸ್, ಒಂದು ವೈ. ತಾಯಿಯ ಅಂಡದಲ್ಲಿ ಯಾವಾಗಲೂ ಎಕ್ಸ್ ಇರುತ್ತದೆ. ತಂದೆಯ ವೀರ್ಯಾಣುಗಳಲ್ಲಿ ಅರ್ಧಕ್ಕೆ ಎಕ್ಸ್, ಅರ್ಧಕ್ಕೆ ವೈ. ಯಾವ ವೀರ್ಯಾಣು ಮೊದಲು ಅಂಡವನ್ನು ಸೇರಿತೋ ಅದರಂತೆ ಮಗು ಹೆಣ್ಣೋ ಗಂಡೋ ಆಗುತ್ತದೆ. ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ಮಹಿಳಾ ವಿಜ್ಞಾನಿ 1905ರಲ್ಲಿ ಹಿಟ್ಟಿನಲ್ಲಿ ಬೆಳೆಯುವ ಒಂದು ಹುಳುವಿನ ಕೋಶಗಳನ್ನು ಪರೀಕ್ಷಿಸಿ ಈ ವೈ ತಂತುವಿನ ಪಾತ್ರವನ್ನು ತೋರಿಸಿಕೊಟ್ಟರು.

ಚಿಟ್ಟೆಗಳಲ್ಲಿ ತಿರುವುಮುರುವು

ಚಿಟ್ಟೆ ಮತ್ತು ಪತಂಗಗಳಲ್ಲಿ ಈ ಏರ್ಪಾಡು ಪೂರ್ತಿ ತಿರುವುಮುರುವಾಗಿದೆ. ಅಲ್ಲಿ ಗಂಡಿಗೆ ಒಂದೇ ಬಗೆಯ ಎರಡು ತಂತುಗಳು; ಅವನ್ನು ಝೆಡ್ ಎನ್ನುತ್ತಾರೆ. ಹೆಣ್ಣಿಗೆ ಒಂದು ಝೆಡ್, ಒಂದು ಡಬ್ಲ್ಯು. ಗಂಡಿನ ವೀರ್ಯಾಣುಗಳೆಲ್ಲ ಝೆಡ್ ಅನ್ನೇ ಹೊತ್ತಿರುತ್ತವೆ. ಹೆಣ್ಣು ಇಡುವ ಮೊಟ್ಟೆಗಳಲ್ಲಿ ಅರ್ಧ ಝೆಡ್, ಅರ್ಧ ಡಬ್ಲ್ಯು. ಆದುದರಿಂದ ಮರಿ ಗಂಡೋ ಹೆಣ್ಣೋ ಎಂಬುದು ಚಿಟ್ಟೆಯಲ್ಲಿ ತಾಯಿಯ ಮೊಟ್ಟೆಯನ್ನು ಅವಲಂಬಿಸಿದೆ. ಹಕ್ಕಿಗಳಲ್ಲಿಯೂ ಹೀಗೆಯೇ. ಆದರೆ ಹಕ್ಕಿಯ ಝೆಡ್ ಬೇರೆ, ಚಿಟ್ಟೆಯ ಝೆಡ್ ಬೇರೆ. ಎರಡರಲ್ಲಿರುವ ವಂಶವಾಹಿಗಳು ಒಂದೇ ಅಲ್ಲ. ಪ್ರಕೃತಿಯು ಒಂದೇ ಉಪಾಯವನ್ನು ಎರಡು ಕಡೆ ಬೇರೆ ಬೇರೆಯಾಗಿ ಕಂಡುಕೊಂಡಿದೆ, ಅಷ್ಟೆ.

ಇದು ಮೊದಲು ಹೊಳೆದದ್ದು ಇಂಗ್ಲೆಂಡಿನ ಒಂದು ಸಾಮಾನ್ಯ ತೋಟದ ಪತಂಗದಿಂದ. ಮ್ಯಾಗ್‌ಪೈ ಎಂಬ ಆ ಪತಂಗದ ರೆಕ್ಕೆಗಳ ಮೇಲೆ ದಟ್ಟವಾದ ಕಪ್ಪು ಚುಕ್ಕೆಗಳಿರುತ್ತವೆ. ಎಲ್ಲಿಯೋ ಒಮ್ಮೊಮ್ಮೆ ಚುಕ್ಕೆ ಕಡಿಮೆಯಿರುವ ಮಂಕು ಬಗೆಯೊಂದು ಕಾಣಸಿಗುತ್ತಿತ್ತು. ಹಾಗೆ ಸಿಕ್ಕಿದವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣುಗಳೇ. ಪತಂಗಗಳನ್ನು ಸಾಕುವ ಹವ್ಯಾಸವಿದ್ದ ರೇನರ್ ಎಂಬ ಪಾದ್ರಿಯೂ ಡಾಂಕಾಸ್ಟರ್ ಎಂಬ ಜೀವಶಾಸ್ತ್ರಜ್ಞರೂ ಸೇರಿ ಇವುಗಳನ್ನು ಕೂಡಿಸಿ ನೋಡಿ 1906ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಂಕು ಗಂಡನ್ನು ಸಾಮಾನ್ಯ ಹೆಣ್ಣಿನೊಡನೆ ಕೂಡಿಸಿದಾಗ ಹುಟ್ಟಿದ ಹೆಣ್ಣುಗಳೆಲ್ಲ ತಂದೆಯಂತೆ ಮಂಕು, ಗಂಡುಗಳೆಲ್ಲ ತಾಯಿಯಂತೆ ಸಾಮಾನ್ಯ! ಕಾರಣ ಸರಳ. ಬಣ್ಣದ ವಂಶವಾಹಿ ಝೆಡ್ ತಂತುವಿನ ಮೇಲಿದೆ. ಮಗಳಿಗೆ ಇರುವ ಒಂದೇ ಒಂದು ಝೆಡ್ ತಂದೆಯದು. ಆದ್ದರಿಂದ ಅವಳು ತಂದೆಯನ್ನೇ ಹೋಲಬೇಕು. ಮಗನಿಗೆ ತಾಯಿಯ ಝೆಡ್ ಕೂಡ ದೊರೆಯುವುದರಿಂದ ಅದರ ಪ್ರಬಲ ಗುಣ ಅವನಲ್ಲಿ ತೋರುತ್ತದೆ. ಮಾರ್ಗನ್ ಮಹಾಶಯರು 1910ರಲ್ಲಿ ಹಣ್ಣಿನ ನೊಣದ ಬಿಳಿಯ ಕಣ್ಣನ್ನು ಕಂಡು ಪ್ರಸಿದ್ಧರಾಗುವುದಕ್ಕೆ ನಾಲ್ಕು ವರ್ಷ ಮೊದಲೇ ಒಂದು ಪತಂಗವು ಈ ಪಾಠವನ್ನು ಹೇಳಿತ್ತು.

ರೇಷ್ಮೆ ಹುಳು ಕಲಿಸಿದ್ದು

ಪತಂಗಗಳ ಲಿಂಗ ನಿರ್ಣಯದ ಬಗೆಗೆ ಇಂದು ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ರೇಷ್ಮೆ ಹುಳುವಿನ ಕೊಡುಗೆ. ಕನ್ನಡ ನಾಡಿಗೆ ರೇಷ್ಮೆ ಕೃಷಿ ಬಂದದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ. ಅಂದಿನಿಂದ ಬೆಳೆದು ಬಂದ ಮೈಸೂರು ತಳಿ, ರಾಮನಗರ ಶಿಡ್ಲಘಟ್ಟಗಳ ಗೂಡಿನ ಮಾರುಕಟ್ಟೆ, ಕೊಳ್ಳೇಗಾಲದ ರೇಷ್ಮೆ, ಇವು ನಮ್ಮ ಹೆಮ್ಮೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ 1961ರಲ್ಲಿ ಪ್ರಾರಂಭವಾಯಿತು.

ರೇಷ್ಮೆ ಬೇಸಾಯದಲ್ಲಿ ಗಂಡು ಹೆಣ್ಣಿನ ಪ್ರಶ್ನೆ ಬರಿಯ ಕುತೂಹಲದ್ದಲ್ಲ, ಹಣದ್ದು. ಹೆಣ್ಣು ಕೋಶವು ಮೊಟ್ಟೆ ತುಂಬಿಕೊಂಡು ಭಾರವಾಗಿರುತ್ತದೆ. ಗಂಡು ಹುಳುವು ಕಡಿಮೆ ಸೊಪ್ಪು ತಿಂದು, ತೂಕಕ್ಕೆ ಹೋಲಿಸಿದರೆ ಹೆಚ್ಚು ರೇಷ್ಮೆ ಕೊಡುತ್ತದೆ. ಇದಲ್ಲದೆ ಬಿತ್ತನೆ ಮೊಟ್ಟೆಯನ್ನು ತಯಾರಿಸುವವರು ಒಂದು ತಳಿಯ ಹೆಣ್ಣನ್ನು ಇನ್ನೊಂದು ತಳಿಯ ಗಂಡಿನೊಡನೆ ಮಾತ್ರ ಕೂಡಿಸಬೇಕು. ಅದಕ್ಕಾಗಿ ಪತಂಗ ಹೊರಬರುವ ಮೊದಲೇ ಗೂಡನ್ನು ಕತ್ತರಿಸಿ, ಕೋಶಗಳನ್ನು ಒಂದೊಂದಾಗಿ ನೋಡಿ ಗಂಡು ಹೆಣ್ಣು ಬೇರ್ಪಡಿಸುತ್ತಾರೆ. ಹೆಣ್ಣು ಕೋಶದ ಹೊಟ್ಟೆಯ ಎಂಟನೆಯ ಉಂಗುರದಲ್ಲಿ ಗುಣಾಕಾರ ಚಿಹ್ನೆಯಂತಹ ಸಣ್ಣ ಗೆರೆ. ಗಂಡಿನ ಒಂಬತ್ತನೆಯ ಉಂಗುರದಲ್ಲಿ ಒಂದು ಚುಕ್ಕೆ. ಸಾವಿರಾರು ಕೋಶಗಳನ್ನು ಹೀಗೆ ನೋಡಿ ಬೇರ್ಪಡಿಸುವವರ ಕಣ್ಣಿನ ತಾಳ್ಮೆಗೆ ಎಷ್ಟು ಕೂಲಿ ಕೊಟ್ಟರೂ ಸಾಲದು.

ಈ ಶ್ರಮವನ್ನು ತಪ್ಪಿಸಲು ಜಪಾನಿನ ತಾಜಿಮಾ ಎಂಬ ವಿಜ್ಞಾನಿ 1940ರ ದಶಕದಲ್ಲಿ ಒಂದು ಜಾಣ ಉಪಾಯ ಮಾಡಿದರು. ಹುಳುವಿನ ಮೈಮೇಲೆ ಗುರುತುಗಳನ್ನು ಮೂಡಿಸುವ ವಂಶವಾಹಿ ಎರಡನೆಯ ವರ್ಣತಂತುವಿನಲ್ಲಿದೆ. ಎಕ್ಸ್-ಕಿರಣಗಳ ಪ್ರಯೋಗದಿಂದ ಆ ತಂತುವಿನ ತುಣುಕೊಂದು ಮುರಿದು ಡಬ್ಲ್ಯು ತಂತುವಿಗೆ ಅಂಟಿಕೊಂಡ ಹುಳುಗಳನ್ನು ಅವರು ಆರಿಸಿ ತೆಗೆದರು. ಡಬ್ಲ್ಯು ಹೆಣ್ಣಿನಲ್ಲಿ ಮಾತ್ರ ಇರುವುದರಿಂದ ಆ ತಳಿಯಲ್ಲಿ ಗುರುತುಳ್ಳ ಹುಳುಗಳೆಲ್ಲ ಹೆಣ್ಣು, ಬೋಳು ಹುಳುಗಳೆಲ್ಲ ಗಂಡು. ಇದೇ ಮಾರ್ಗದಲ್ಲಿ ಮುಂದೆ ಹೆಣ್ಣು ಹಳದಿ ಗೂಡನ್ನೂ ಗಂಡು ಬಿಳಿ ಗೂಡನ್ನೂ ಕಟ್ಟುವ ತಳಿಗಳು ಬಂದವು. ಮೈಸೂರಿನ ಸಂಸ್ಥೆಯಲ್ಲಿಯೂ ಇಂತಹ ಲಿಂಗಸೂಚಕ ತಳಿಗಳನ್ನು ಬೆಳೆಸಲಾಗಿದೆ.

ಇನ್ನು, ಡಬ್ಲ್ಯು ತಂತುವು ಹೆಣ್ಣುತನವನ್ನು ಹೇಗೆ ಉಂಟುಮಾಡುತ್ತದೆ? ಝೆಡ್‌ಗಳು ಎಷ್ಟೇ ಇರಲಿ, ಒಂದು ಡಬ್ಲ್ಯು ಇದ್ದರೆ ಸಾಕು, ರೇಷ್ಮೆ ಹುಳು ಹೆಣ್ಣಾಗುತ್ತದೆ ಎಂದು 1933ರಲ್ಲಿಯೇ ಜಪಾನಿನ ಹಾಶಿಮೊಟೊ ತೋರಿಸಿದ್ದರು. ಆದರೆ ಆ ತಂತುವಿನಲ್ಲಿ ಯಾವ ವಂಶವಾಹಿ ಈ ಕೆಲಸ ಮಾಡುತ್ತದೆ ಎಂಬುದು ಎಂಬತ್ತು ವರ್ಷ ಯಾರಿಗೂ ದಕ್ಕಲಿಲ್ಲ. ಕೊನೆಗೆ 2014ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಕತ್ಸುಮಾ, ಕಿಯುಚಿ ಮತ್ತು ಸಂಗಡಿಗರು ಗಂಟನ್ನು ಬಿಡಿಸಿದರು. ಅಲ್ಲಿರುವುದು ಸಾಧಾರಣ ವಂಶವಾಹಿಯಲ್ಲ. ಅದರಿಂದ ಹೊರಡುವುದು ಮೂವತ್ತು ಅಕ್ಷರಗಳನ್ನೂ ಮೀರದ ಒಂದು ಪುಟ್ಟ ಆರ್‌ಎನ್‌ಎ ಚೂರು. ಝೆಡ್ ತಂತುವಿನಲ್ಲಿ ‘ಮಾಸ್ಕ್’ ಎಂಬ, ಗಂಡುತನವನ್ನು ಉಂಟುಮಾಡುವ ವಂಶವಾಹಿಯಿದೆ. ಅದು ಕಳುಹಿಸುವ ಆಜ್ಞಾಪತ್ರವನ್ನು ಈ ಪುಟ್ಟ ಚೂರು ಗುರುತಿಸಿ ಹರಿದುಹಾಕಿಸುತ್ತದೆ. ಆಜ್ಞೆ ತಲುಪದುದರಿಂದ ಭ್ರೂಣವು ಹೆಣ್ಣಾಗಿ ಬೆಳೆಯುತ್ತದೆ. ಡಬ್ಲ್ಯು ಇಲ್ಲದ ಭ್ರೂಣದಲ್ಲಿ ಆಜ್ಞಾಪತ್ರವನ್ನು ಹರಿಯುವವರಿಲ್ಲ; ಅದು ಗಂಡಾಗುತ್ತದೆ. ಇಷ್ಟು ದೊಡ್ಡ ನಿರ್ಣಯಕ್ಕೆ ಇಷ್ಟು ಚಿಕ್ಕ ಕಾರಣವೇ ಎಂದು ನಾನು ಮೊದಲು ಓದಿದಾಗ ಬೆರಗಾದೆ.

ಡಬ್ಲ್ಯು ಎಲ್ಲಿಂದ ಬಂತು?

ಚಿಟ್ಟೆ ಪತಂಗಗಳ ಹತ್ತಿರದ ಬಂಧುಗಳು ಕ್ಯಾಡಿಸ್ ನೊಣಗಳು. ತೊರೆಯ ಕಲ್ಲುಗಳ ಕೆಳಗೆ ಮರಳು ಕಡ್ಡಿಗಳನ್ನು ರೇಷ್ಮೆಯಿಂದ ಅಂಟಿಸಿ ಕೊಳವೆಯಂತಹ ಮನೆ ಕಟ್ಟಿಕೊಳ್ಳುವ ಮರಿಗಳು ಇವುಗಳವು. ಇವುಗಳಲ್ಲಿ ಡಬ್ಲ್ಯು ತಂತುವಿಲ್ಲ. ಗಂಡಿಗೆ ಎರಡು ಝೆಡ್, ಹೆಣ್ಣಿಗೆ ಒಂದೇ ಝೆಡ್. ಪತಂಗಗಳಲ್ಲಿ ಅತಿ ಪ್ರಾಚೀನವಾದ ಕುಲಗಳಲ್ಲಿಯೂ ಹೀಗೆಯೇ. ಹಾಗಾದರೆ ಮೂಲದ ಏರ್ಪಾಡಿನಲ್ಲಿ ಡಬ್ಲ್ಯು ಇರಲೇ ಇಲ್ಲ. ಅದು ಆಮೇಲೆ ಬಂದು ಸೇರಿದ ಸೊಸೆ ಎಂದಾಯಿತು.

ಅದು ಬಂದ ಬಗೆಗೆ ಎರಡು ವಾದಗಳಿವೆ. ಮೊದಲನೆಯ ವಾದದಂತೆ, ಎಂದೋ ಒಮ್ಮೆ ಝೆಡ್ ತಂತುವು ಒಂದು ಸಾಮಾನ್ಯ ತಂತುವಿನೊಡನೆ ಬೆಸೆದುಕೊಂಡಿತು. ಗಂಡಿನಲ್ಲಿ ಇಂತಹ ಬೆಸೆದ ತಂತುಗಳು ಎರಡಾದವು. ಹೆಣ್ಣಿನಲ್ಲಿ ಬೆಸೆದದ್ದು ಒಂದು. ಬೆಸೆಯದೆ ಒಂಟಿಯಾಗಿ ಉಳಿದ ಆ ಸಾಮಾನ್ಯ ತಂತು ಇನ್ನೊಂದು. ಆ ಒಂಟಿ ತಂತುವು ಅಂದಿನಿಂದ ಹೆಣ್ಣಿನಿಂದ ಹೆಣ್ಣಿಗೆ ಮಾತ್ರ ಸಾಗಿ ಬಂದು ಡಬ್ಲ್ಯು ಆಯಿತು. ಎರಡನೆಯ ವಾದದಂತೆ, ಕೆಲವು ಜೀವಿಗಳಲ್ಲಿ ಲೆಕ್ಕಕ್ಕಿಲ್ಲದ ಹೆಚ್ಚುವರಿ ತಂತುಗಳು ಇರುವುದುಂಟು. ಅಂತಹ ಒಂದು ಬಿಡಾಡಿ ತಂತುವೇ ಝೆಡ್‌ಗೆ ಜೊತೆಯಾಗಿ ನಿಂತು ಡಬ್ಲ್ಯು ಎನಿಸಿಕೊಂಡಿತು. ಬೇರೆ ಬೇರೆ ಕುಲಗಳಲ್ಲಿ ಬೇರೆ ಬೇರೆ ರೀತಿ ನಡೆದಿರುವುದೂ ಸಾಧ್ಯ. ಪಂಡಿತರ ಚರ್ಚೆ ಇನ್ನೂ ಮುಗಿದಿಲ್ಲ.

ಬಂದ ಡಬ್ಲ್ಯುವಿನ ಸ್ಥಿತಿ ಮುಂದೆ ಏನಾಯಿತು ಎಂಬುದು ಇನ್ನೂ ಸ್ವಾರಸ್ಯಕರ. ಓಲೆಗರಿಯ ಗ್ರಂಥಕ್ಕೆ ಎರಡು ಪ್ರತಿಗಳಿದ್ದರೆ ಒಂದರ ತಪ್ಪನ್ನು ಇನ್ನೊಂದನ್ನು ನೋಡಿ ತಿದ್ದಬಹುದು. ವರ್ಣತಂತುಗಳ ಜೋಡಿಗಳೂ ಸಂತಾನಕೋಶಗಳು ಉಂಟಾಗುವಾಗ ತುಣುಕುಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ; ಅದರಿಂದ ಕೆಟ್ಟ ಭಾಗಗಳು ತಲೆಮಾರುಗಳಲ್ಲಿ ತೊಲಗುತ್ತ ಬರುತ್ತವೆ. ಆದರೆ ಚಿಟ್ಟೆ ಪತಂಗಗಳ ಹೆಣ್ಣಿನಲ್ಲಿ ಈ ವಿನಿಮಯ ನಡೆಯುವುದೇ ಇಲ್ಲ. ರೇಷ್ಮೆ ಪತಂಗದಲ್ಲಿ ಇದನ್ನು 1915ರಷ್ಟು ಹಿಂದೆಯೇ ಸ್ಟರ್ಟಿವಂಟ್ ಗುರುತಿಸಿದ್ದರು. ಉಳಿದ ತಂತುಗಳಿಗೆ ಇದರಿಂದ ತೊಂದರೆಯಿಲ್ಲ. ಇಂದು ಹೆಣ್ಣಿನಲ್ಲಿದ್ದ ತಂತು ನಾಳೆ ಮಗನಲ್ಲಿ ಸೇರಿ ತನ್ನನ್ನು ತಿದ್ದಿಕೊಳ್ಳುತ್ತದೆ. ಡಬ್ಲ್ಯು ಮಾತ್ರ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೋಗುವ ಒಡವೆಪೆಟ್ಟಿಗೆಯಂತೆ ಹೆಣ್ಣಿನ ಕೈಯಲ್ಲಿಯೇ ಉಳಿಯುತ್ತದೆ. ಅದು ಗಂಡಿನ ಮೈಯನ್ನು ಎಂದೂ ಸೇರದು, ತಿದ್ದುಪಡಿಗೆ ಅವಕಾಶವಿಲ್ಲ. ಹೀಗಾಗಿ ಅದರ ಹಳೆಯ ವಂಶವಾಹಿಗಳು ಬಹುಮಟ್ಟಿಗೆ ಸವೆದುಹೋಗಿ, ಒಂದೇ ಮಾತನ್ನು ಮತ್ತೆ ಮತ್ತೆ ಬರೆದಂತಹ ನಕಲು ತುಣುಕುಗಳು ತುಂಬಿಕೊಂಡಿವೆ. ವಿಚಿತ್ರವೆಂದರೆ ಮೇಲೆ ಹೇಳಿದ ಆ ಪುಟ್ಟ ಆರ್‌ಎನ್‌ಎ ಚೂರು ಹೊರಡುವುದೂ ಇಂತಹ ಪುನರಾವರ್ತನೆಯ ನಡುವಿನಿಂದಲೇ. ಕಸವೆಂದು ಎಣಿಸಿದ್ದರಲ್ಲಿ ಕುಲದ ಕೀಲಿಕೈ ಇತ್ತು.

ಕೆಲವು ಕುಲಗಳು ಡಬ್ಲ್ಯುವನ್ನು ಪೂರ್ತಿ ಕಳೆದುಕೊಂಡಿವೆ. ಔಡಲದ ಎಲೆ ತಿಂದು ಬೆಳೆಯುವ ಎರಿ ರೇಷ್ಮೆ ಹುಳುವೇ ಇದಕ್ಕೆ ನಿದರ್ಶನ. ಅದರ ಗಂಡಿನಲ್ಲಿ 28 ವರ್ಣತಂತುಗಳು, ಹೆಣ್ಣಿನಲ್ಲಿ 27. ಡಬ್ಲ್ಯು ಇಲ್ಲದೆಯೂ ಅದರ ಹೆಣ್ಣು ಹೆಣ್ಣಾಗಿಯೇ ಇದೆ, ಮೊಟ್ಟೆ ಇಡುತ್ತಿದೆ. ಗುರಿ ಒಂದೇ, ದಾರಿಗಳು ಅನೇಕ.

ಬೆಸುಗೆಯ ಕಥೆಗಳು

ಝೆಡ್‌ನ ಸ್ವಭಾವ ಬೇರೆ. ಅದು ಬಹಳ ನಿಷ್ಠೆಯ ತಂತು. 210 ಜಾತಿಯ ಚಿಟ್ಟೆ ಪತಂಗಗಳ ವರ್ಣತಂತುಗಳನ್ನು ಹೋಲಿಸಿ ನೋಡಿದ ಒಂದು ಅಧ್ಯಯನವು 2024ರಲ್ಲಿ ಪ್ರಕಟವಾಯಿತು. ಅದರಂತೆ ಇವುಗಳೆಲ್ಲದರ ಪೂರ್ವಜನಲ್ಲಿ 32 ಮೂಲ ತಂತುಗಳಿದ್ದವು, ಅವುಗಳಲ್ಲಿ ಒಂದು ಝೆಡ್. ಹದಿನೇಳನೆಯ ಶತಮಾನದಲ್ಲಿ ಹುಳುಗಳ ರೂಪಾಂತರವನ್ನು ಚಿತ್ರಿಸಿದ ಮಾರಿಯಾ ಸಿಬಿಲ್ಲಾ ಮೇರಿಯನ್ ಎಂಬ ಚಿತ್ರಕಾರ್ತಿಯ ನೆನಪಿಗೆ ಈ ಮೂಲ ತಂತುಗಳಿಗೆ ಮೇರಿಯನ್ ಘಟಕಗಳೆಂದು ಹೆಸರಿಟ್ಟಿದ್ದಾರೆ. ಇಪ್ಪತ್ತು ಕೋಟಿ ವರ್ಷಗಳಿಗೂ ಮಿಗಿಲಾದ ಕಾಲದಲ್ಲಿ ಇವು ಬಹುಪಾಲು ಜಾತಿಗಳಲ್ಲಿ ಚೆದರದೆ ಉಳಿದಿವೆ. ಆಫ್ರಿಕದ ಅಟ್ಲಾಸ್ ಪರ್ವತಗಳ ಒಂದು ನೀಲಿ ಚಿಟ್ಟೆಯಲ್ಲಿ ಸಾಮಾನ್ಯ ತಂತುಗಳು ಚೂರುಚೂರಾಗಿ ಒಟ್ಟು 229 ಜೋಡಿಗಳಾಗಿವೆ. ಆದರೆ ಅದರಲ್ಲಿಯೂ ಲಿಂಗ ತಂತುಗಳು ಮಾತ್ರ ಒಡೆದಿಲ್ಲ ಎಂದು 2025ರಲ್ಲಿ ವರದಿಯಾಯಿತು.

ಒಡೆಯದಿದ್ದರೂ ಬೆಸೆಯುವುದುಂಟು. ಸೇಬಿನ ಕಾಯಿಯನ್ನು ಕೊರೆಯುವ ಕಾಡ್ಲಿಂಗ್ ಪತಂಗದ ಕುಲದಲ್ಲಿ ಝೆಡ್ ತಂತುವು ಹದಿನೈದನೆಯ ತಂತುವಿಗೆ ಸಮನಾದ ತಂತುವೊಂದರ ಜೊತೆ ಬೆಸೆದುಕೊಂಡಿದೆ ಎಂದು 2013ರಲ್ಲಿ ತಿಳಿದುಬಂತು. ಹಾಗೆ ಬಂದು ಸೇರಿದ ಭಾಗದಲ್ಲಿ ಕೀಟನಾಶಕವನ್ನು ತಡೆದುಕೊಳ್ಳಲು ನೆರವಾಗುವ ವಂಶವಾಹಿಗಳೂ ಇವೆ. ಝೆಡ್ ಮೇಲಿನ ವಂಶವಾಹಿ ಹೆಣ್ಣಿನಲ್ಲಿ ಒಂಟಿಯಾಗಿರುವುದರಿಂದ ಅಡಗಿ ಕುಳಿತಿರಲು ಅದಕ್ಕೆ ಎಡೆಯಿಲ್ಲ. ಒಳ್ಳೆಯದಾದರೆ ಬೇಗ ಹರಡುತ್ತದೆ. ಔಷಧ ಹೊಡೆದರೂ ಹುಳು ಸಾಯುವುದಿಲ್ಲವೆಂದು ಗೊಣಗುವ ರೈತರು ಇದನ್ನು ಗಮನಿಸಬೇಕು. ವರ್ಣತಂತುಗಳ ಜೋಡಣೆಯೂ ಹುಳುವಿನ ಪಕ್ಷ ವಹಿಸಬಲ್ಲದು.

ನಮ್ಮ ಕಣಿವೆಯ ಬಯಲುಗಳಲ್ಲಿ ಎಕ್ಕದ ಗಿಡದ ಮೇಲೆ ಮೊಟ್ಟೆ ಇಡುವ, ಕಿತ್ತಳೆ ಬಣ್ಣದ, ರೆಕ್ಕೆಯ ತುದಿ ಕಪ್ಪಾಗಿ ಬಿಳಿಯ ಪಟ್ಟಿಯುಳ್ಳ ಚಿಟ್ಟೆಯೊಂದನ್ನು ನೀವೆಲ್ಲ ನೋಡಿರುತ್ತೀರಿ. ಇಂಗ್ಲಿಷಿನವರು ಅದನ್ನು ಪ್ಲೇನ್ ಟೈಗರ್ ಎನ್ನುತ್ತಾರೆ. ಇದೇ ಜಾತಿ ಆಫ್ರಿಕದಲ್ಲಿಯೂ ಇದೆ. ಅಲ್ಲಿ ಕೀನ್ಯಾದ ನೈರೋಬಿಯ ಸುತ್ತಿನ ಹೆಣ್ಣುಗಳಲ್ಲಿ ಡಬ್ಲ್ಯು ತಂತುವು ರೆಕ್ಕೆಯ ಬಣ್ಣವನ್ನು ನಿರ್ಧರಿಸುವ ಒಂದು ತಂತುವಿನೊಡನೆ ಬೆಸೆದುಕೊಂಡಿದೆ. ಇದರ ಜೊತೆಗೆ ಆ ಹೆಣ್ಣುಗಳ ಮೈಯಲ್ಲಿ ಗಂಡು ಮರಿಗಳನ್ನು ಮಾತ್ರ ಕೊಲ್ಲುವ ಒಂದು ಸೂಕ್ಷ್ಮಜೀವಿ ವಾಸಿಸುತ್ತದೆ. ಸೂಕ್ಷ್ಮಜೀವಿಯೂ ಡಬ್ಲ್ಯುವೂ ತಾಯಿಯಿಂದ ಮಗಳಿಗೆ ಒಟ್ಟಿಗೇ ದಾಟುವುದರಿಂದ, ಒಂದು ಹರಡಿದರೆ ಇನ್ನೊಂದೂ ಹರಡುತ್ತದೆ. ಕೆಲವೇ ಸಾವಿರ ವರ್ಷಗಳಲ್ಲಿ ಇದು ಹೇಗೆ ವ್ಯಾಪಿಸಿತು ಎಂಬುದನ್ನು 2020ರಲ್ಲಿ ಪ್ರಕಟವಾದ ಸಂಶೋಧನೆ ವಿವರಿಸಿದೆ. ವಿಕಾಸವೆಂದರೆ ಕೋಟಿ ವರ್ಷಗಳ ಹಿಂದೆ ಮುಗಿದ ಪುರಾಣವಲ್ಲ, ಇಂದಿಗೂ ನಡೆಯುತ್ತಿದೆ.

ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಲ್ಲಿ ಇನ್ನೊಂದು ಚಿಟ್ಟೆ ಇದೇ ಕಷ್ಟಕ್ಕೆ ಸಿಕ್ಕಿತ್ತು. ಗ್ರೇಟ್ ಎಗ್‌ಫ್ಲೈ ಎಂಬ ಇದು ನಮ್ಮ ಸೀಮೆಯಲ್ಲಿಯೂ ಇದೆ. ಗಂಡು ಮರಿಗಳನ್ನು ಕೊಲ್ಲುವ ಬೇರೊಂದು ಸೂಕ್ಷ್ಮಜೀವಿಯಿಂದಾಗಿ 2001ರಲ್ಲಿ ಅಲ್ಲಿ ನೂರಕ್ಕೆ ಒಂದು ಚಿಟ್ಟೆ ಮಾತ್ರ ಗಂಡಾಗಿತ್ತು. ಕೆಲವೇ ವರ್ಷಗಳಲ್ಲಿ, ಸುಮಾರು ಹತ್ತು ತಲೆಮಾರುಗಳೊಳಗೆ, ಸೂಕ್ಷ್ಮಜೀವಿಯನ್ನು ತಡೆಯುವ ಗುಣವೊಂದು ಹರಡಿ ಗಂಡುಗಳ ಸಂಖ್ಯೆ ನೂರಕ್ಕೆ ನಲವತ್ತರ ಸಮೀಪಕ್ಕೆ ಏರಿತು. ಒಂದು ಲಿಂಗ ವಿರಳವಾದರೆ ಪ್ರಕೃತಿ ಸುಮ್ಮನೆ ಕೂರುವುದಿಲ್ಲ.

ಕರಿಬೇವಿನ ಗಿಡದ ಪಾಠ

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ ಅವಶ್ಯ. ಹೆಣ್ಣಿನಲ್ಲಿ ಮಾತ್ರ ಕಾಣುವ ಗುಣವೆಲ್ಲ ಡಬ್ಲ್ಯುವಿನಲ್ಲಿಯೇ ಇರಬೇಕೆಂದು ತೀರ್ಮಾನಿಸಬಾರದು. ಹಿತ್ತಿಲ ಕರಿಬೇವು, ನಿಂಬೆಗಿಡಗಳ ಎಲೆ ತಿಂದು ಬೆಳೆಯುವ ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯನ್ನು ನೋಡಿ. ಅದರ ಗಂಡುಗಳೆಲ್ಲ ಒಂದೇ ರೂಪ. ಹೆಣ್ಣುಗಳಿಗೆ ಮೂರು ರೂಪ: ಒಂದು ಗಂಡಿನಂತೆಯೇ ಇರುವುದು, ಇನ್ನೆರಡು ಹಕ್ಕಿಗಳು ತಿನ್ನಲು ಹೇಸುವ ಎರಡು ವಿಷದ ಚಿಟ್ಟೆಗಳ ವೇಷ ಹಾಕಿದವು. ಹೆಣ್ಣಿಗೆ ಮಾತ್ರ ಇರುವ ಈ ವೇಷ ಡಬ್ಲ್ಯುವಿನದೇ ಇರಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಸಹೋದ್ಯೋಗಿಗಳು 2014ರಲ್ಲಿ ತೋರಿಸಿದಂತೆ ಈ ವೇಷಗಳ ಸೂತ್ರಧಾರ ‘ಡಬಲ್‌ಸೆಕ್ಸ್’ ಎಂಬ ಒಂದೇ ವಂಶವಾಹಿ. ಅದಿರುವುದು ಸಾಮಾನ್ಯ ತಂತುವಿನಲ್ಲಿ. ತಂದೆಯೂ ಅದನ್ನು ಹೊತ್ತಿರುತ್ತಾನೆ, ಮಗಳಿಗೆ ಕೊಡುತ್ತಾನೆ. ತನ್ನಲ್ಲಿ ಮಾತ್ರ ತೋರಗೊಡುವುದಿಲ್ಲ. ಕಣ್ಣಿಗೆ ಕಂಡದ್ದರಿಂದ ಅವಸರದ ತೀರ್ಪು ಕೊಡಬಾರದೆಂಬ ಪಾಠ ಹಿತ್ತಿಲಲ್ಲಿಯೇ ಹಾರಾಡುತ್ತಿದೆ.

ಮನೆಮನೆಗೂ ತಲುಪಬೇಕಾದ ಮಾತು

ಈಗ ಎರಡನೆಯ ಕಾರಣಕ್ಕೆ ಬರುತ್ತೇನೆ. 1980ರ ದಶಕದಲ್ಲಿ ನಮ್ಮ ಪಕ್ಕದ ಉಸಿಲಂಪಟ್ಟಿಯ ಹೆಸರು ಹೆಣ್ಣು ಶಿಶುಹತ್ಯೆಯ ಕಾರಣದಿಂದ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ತಮಿಳುನಾಡು ಸರ್ಕಾರವು 1992ರಲ್ಲಿ ಸೇಲಂನಲ್ಲಿ ತೊಟ್ಟಿಲು ಶಿಶು ಯೋಜನೆಯನ್ನು ಆರಂಭಿಸಿ, 2001ರಲ್ಲಿ ಅದನ್ನು ವಿಸ್ತರಿಸಿದಾಗ ಸೇರಿಸಿಕೊಂಡ ಜಿಲ್ಲೆಗಳಲ್ಲಿ ತೇನಿ ಮತ್ತು ದಿಂಡಿಗಲ್ ಕೂಡ ಇದ್ದವು. ಬೇಡವಾದ ಹೆಣ್ಣು ಮಗುವನ್ನು ಕೊಲ್ಲಬೇಡಿ, ಈ ತೊಟ್ಟಿಲಲ್ಲಿ ಬಿಟ್ಟುಹೋಗಿ ಎಂದು ಸರ್ಕಾರವೇ ಬೇಡಿಕೊಳ್ಳಬೇಕಾಯಿತು. ಗರ್ಭದಲ್ಲಿಯೇ ಲಿಂಗ ಪತ್ತೆ ಮಾಡುವುದನ್ನು ನಿಷೇಧಿಸುವ ಕಾನೂನು 1994ರಲ್ಲಿ ಬಂತು. ಇದು ಬೇರೆಯವರ ಕಥೆ ಎಂದು ನಾವು ಯಾರೂ ಕೈ ತೊಳೆದುಕೊಳ್ಳುವಂತಿಲ್ಲ. ಕೊಲ್ಲದ ಮನೆಗಳಲ್ಲಿಯೂ ಹೆಣ್ಣು ಹೆತ್ತವಳನ್ನು ಮಾತಿನಿಂದ ಇರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹತ್ತನೆಯ ತರಗತಿಗೆ ಈ ಪಾಠ ಮಾಡುತ್ತಿದ್ದಾಗ ಒಮ್ಮೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. “ಸಾರ್, ನಾವು ನಾಲ್ಕು ಜನ ಹೆಣ್ಣುಮಕ್ಕಳು. ಅಜ್ಜಿ ದಿನಾ ಅಮ್ಮನನ್ನೇ ಬಯ್ಯುತ್ತಾರೆ. ಹಾಗಾದರೆ ಬಯ್ಯಬೇಕಾದ್ದು ಅಪ್ಪನನ್ನಾ?” ಎಂದು ಕೇಳಿದಳು. ತರಗತಿ ನಕ್ಕಿತು, ಅವಳು ನಗಲಿಲ್ಲ. ನಾನು ಹೇಳಿದ ಉತ್ತರವನ್ನು ಇಲ್ಲಿಯೂ ಹೇಳುತ್ತೇನೆ. ಮನುಷ್ಯರಲ್ಲಿ ವೈ ತಂತು ಬರುವುದು ತಂದೆಯಿಂದ. ತಾಯಿಯನ್ನು ದೂರುವುದು ಶುದ್ಧ ಅಜ್ಞಾನ. ಆದರೆ ತಂದೆಯನ್ನು ದೂರುವುದೂ ಸರಿಯಲ್ಲ. ಯಾವ ವೀರ್ಯಾಣು ಮುಂದೆ ಹೋಗಬೇಕೆಂದು ಅವನು ಆರಿಸಲಾರ. ಚಿಟ್ಟೆಯಲ್ಲಿ ನಿರ್ಣಯ ತಾಯಿಯ ಮೊಟ್ಟೆಯಲ್ಲಿದೆ. ಅಲ್ಲಿಯೂ ತಾಯಿ ಚಿಟ್ಟೆ ಇದು ಗಂಡಿರಲಿ, ಇದು ಹೆಣ್ಣಿರಲಿ ಎಂದು ಆರಿಸಿ ಇಡುವುದಿಲ್ಲ. ಎರಡು ಕಡೆಯೂ ನಡೆಯುವುದು ಕವಡೆ ಚೆಲ್ಲಿದಂತಹ ಸಂಭವ ಮಾತ್ರ. ಕವಡೆ ಬಿದ್ದ ಬಗೆಗಾಗಿ ಕವಡೆ ಹಿಡಿದ ಕೈಗೆ ಶಿಕ್ಷೆ ಕೊಡುವುದು ನ್ಯಾಯವಲ್ಲ. ಬಯ್ಯಬೇಕಾದ ತಪ್ಪೇ ಅಲ್ಲಿ ಇಲ್ಲ, ಮಗಳೇ, ಏಕೆಂದರೆ ನೀನು ಹುಟ್ಟಿದ್ದು ತಪ್ಪಲ್ಲ ಎಂದೆ.

ರೇಷ್ಮೆ ಹುಳುವಿನಲ್ಲಿ ಹೆಣ್ಣನ್ನು ಮೊಟ್ಟೆಯಲ್ಲಿಯೇ ಇಲ್ಲವಾಗಿಸುವ ತಳಿಯನ್ನು ಮನುಷ್ಯನು ಮಾಡಿರುವುದೂ ಉಂಟು. ಸೋವಿಯತ್ ರಷ್ಯದ ಸ್ಟ್ರುನ್ನಿಕೋವ್ ಎಂಬ ವಿಜ್ಞಾನಿ ಇದನ್ನು ಸಾಧಿಸಿದರು. ಆ ತಳಿಯ ಗಂಡಿನ ಎರಡು ಝೆಡ್‌ಗಳಲ್ಲಿ ಒಂದೊಂದರಲ್ಲಿಯೂ ಬೇರೆ ಬೇರೆ ಮಾರಕ ದೋಷವಿರುತ್ತದೆ. ಒಂದರ ದೋಷವನ್ನು ಇನ್ನೊಂದು ಮುಚ್ಚುವುದರಿಂದ ಅವನು ಬದುಕುತ್ತಾನೆ. ಅವನನ್ನು ಸಾಧಾರಣ ಹೆಣ್ಣಿನೊಡನೆ ಕೂಡಿಸಿದರೆ, ಮಗಳಿಗೆ ತಂದೆಯ ದೋಷಯುಕ್ತ ಝೆಡ್ ಒಂದೇ ಗತಿ. ಅವಳು ಮೊಟ್ಟೆಯಲ್ಲಿಯೇ ಸಾಯುತ್ತಾಳೆ. ಮಗನಿಗೆ ತಾಯಿಯ ಒಳ್ಳೆಯ ಝೆಡ್ ದೊರೆತು ಅವನು ಉಳಿಯುತ್ತಾನೆ. ನೂಲು ಹೆಚ್ಚು ಸಿಗುತ್ತದೆ, ನಿಜ. ಆದರೆ ಗಮನಿಸಿ: ಆ ಗಂಡುಗಳ ಬೆಳೆ ಒಂದು ಸಲಕ್ಕೆ ಮಾತ್ರ. ತಳಿ ಮುಂದುವರಿಯಬೇಕಾದರೆ ಹೆಣ್ಣುಗಳನ್ನು ಜೋಪಾನವಾಗಿ ಬೇರೆ ಇಟ್ಟು ಸಾಕಲೇಬೇಕು. ಹುಳು ಸಾಕುವವನಿಗೆ ಗೊತ್ತಿರುವ ಈ ಲೆಕ್ಕ ಮನುಷ್ಯ ಸಂಸಾರಕ್ಕೆ ಮರೆತುಹೋದದ್ದು ಹೇಗೆ?

ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳು

ಈ ಪಾಠ ಪುಸ್ತಕದಲ್ಲಿಯೇ ಮುಗಿಯಬಾರದು. ನಮ್ಮ ಮಕ್ಕಳು ಸುತ್ತಲಿನದನ್ನು ನೋಡಿ ಕಲಿಯಲಿ. ಸುಲಭವಾಗಿ ಮಾಡಬಹುದಾದ ಮೂರು ಕೆಲಸಗಳನ್ನು ಹೇಳುತ್ತೇನೆ.

1. ಹಿಪ್ಪುನೇರಳೆ ಬೆಳೆಯುವ ಬಂಧುಗಳ ಮನೆಯಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟಿದ ಮೇಲೆ, ಅವರ ಅನುಮತಿ ಪಡೆದು ಇಪ್ಪತ್ತು ಗೂಡುಗಳನ್ನು ಬಿಡಿಸಿ ಕೋಶಗಳ ಗುರುತು ನೋಡಿ. ಗಂಡೆಷ್ಟು, ಹೆಣ್ಣೆಷ್ಟು ಎಂದು ಬರೆದಿಡಿ. ಇಪ್ಪತ್ತರಲ್ಲಿ ಸರಿಯಾಗಿ ಹತ್ತು ಹತ್ತು ಬರದಿರಬಹುದು. ತರಗತಿಯ ಎಲ್ಲರ ಲೆಕ್ಕವನ್ನೂ ಕೂಡಿಸಿ ನೋಡಿ. ಅರ್ಧದ ಹತ್ತಿರಕ್ಕೆ ಬರುತ್ತದೆ. ಸಂಭವ ಎಂದರೇನೆಂದು ಆಗ ಅರ್ಥವಾಗುತ್ತದೆ.

2. ಕರಿಬೇವಿನ ಗಿಡದಲ್ಲಿ ಸಿಗುವ ಮರಿಹುಳುವನ್ನು ಎಲೆಯೊಡನೆ ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟು ಸಾಕಿ, ಚಿಟ್ಟೆಯಾದ ಮೇಲೆ ಅದರ ರೂಪವನ್ನು ಗುರುತಿಸಿ ಹಾರಿಬಿಡಿ.

3. ಮೇಘಮಲೈ, ಸುರುಳಿ ಜಲಪಾತಗಳ ಕಡೆಗೆ ಪ್ರವಾಸ ಹೋದಾಗ ಚಿಟ್ಟೆಗಳನ್ನು ಹಿಡಿಯದೆ ನೋಡಿ ಬರೆದುಕೊಳ್ಳಿ. ತಮಿಳುನಾಡು 2019ರಲ್ಲಿ ತಮಿಳ್ ಮರವನ್ ಎಂಬ ಚಿಟ್ಟೆಯನ್ನು ರಾಜ್ಯದ ಚಿಟ್ಟೆಯೆಂದು ಸಾರಿತು. ನಮ್ಮ ಹಿರಿಯರ ನಾಡಾದ ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ಎರಡೂ ಪಶ್ಚಿಮ ಘಟ್ಟಗಳ ಕಾಡನ್ನು ನಂಬಿದ ಜೀವಿಗಳು. ನಾಡುಗಳ ಗಡಿ ಅವಕ್ಕೆ ತಿಳಿಯದು.

ಕೊನೆಯದಾಗಿ ಪೋಷಕರಲ್ಲಿ ಒಂದು ವಿನಂತಿ. ಮನೆಯಲ್ಲಿ ಆಡುವ ಕನ್ನಡದಲ್ಲಿಯೇ ಈ ವಿಷಯವನ್ನು ಮಕ್ಕಳ ಅಜ್ಜ ಅಜ್ಜಿಯರಿಗೂ ಓದಿ ಹೇಳಿ. ನಮ್ಮಲ್ಲಿ ಮಾತು ಕನ್ನಡವಾಗಿದ್ದು ಬರಹ ತಮಿಳಾಗಿರುವ ಮನೆಗಳು ಬಹಳ. ಓದಲು ಬಾರದವರಿಗೆ ಓದಬಲ್ಲ ಮೊಮ್ಮಕ್ಕಳು ಕೇಳಿಸಲಿ. ಶಾಲೆಯು ಐವತ್ತು ವರ್ಷ ಅಕ್ಷರ ಕಲಿಸಿದ್ದು ಇಂತಹ ಕೆಲಸಕ್ಕಾಗಿಯೇ. ಹೆಣ್ಣು ಹೆತ್ತ ಒಬ್ಬ ಸೊಸೆಯ ಮೇಲೆ ಬೀಳಬೇಕಾಗಿದ್ದ ಒಂದು ಬಯ್ಗುಳ ಈ ಲೇಖನದಿಂದ ನಿಂತರೂ ನಾನು ಬರೆದದ್ದು ಸಾರ್ಥಕ. ಶಾಲೆಯು ಶತಮಾನೋತ್ಸವವನ್ನು ಕಾಣಲಿ; ಅದರ ತರಗತಿಗಳಲ್ಲಿ ಹೆಣ್ಣುಮಕ್ಕಳ ಸಾಲು ಗಂಡುಮಕ್ಕಳ ಸಾಲಿನಷ್ಟೇ ಉದ್ದವಾಗಿರಲಿ ಎಂದು ಹಾರೈಸುತ್ತೇನೆ.